ಪೊಲೀಸರು ತಡೆದಾಗ, ಶೋಧಿಸಿದಾಗ, ಕೈ ಮಾಡಿದಾಗ: ನ್ಯಾಯಾಲಯಗಳ ತೀರ್ಪು ಆಧರಿಸಿದ ಸಮಗ್ರ ಮಾರ್ಗದರ್ಶಿ

ಮೊದಲೇ ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಒಳ್ಳೆಯದು. ಅಮೆರಿಕದ ಪೊಲೀಸ್ ಧಾರಾವಾಹಿಗಳನ್ನು ನೋಡಿದವರಲ್ಲಿ, ವಾರಂಟ್ ಇಲ್ಲದೆ ಶೋಧ ನಡೆಸಿದರೆ ಸಿಕ್ಕಿದ್ದೆಲ್ಲ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಎಂಬ ನಂಬಿಕೆ ಬೇರೂರಿದೆ. ಅಲ್ಲಿ 1961ರ ಮ್ಯಾಪ್ ವರ್ಸಸ್ ಒಹಾಯೊ ತೀರ್ಪಿನ ನಂತರ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡು ಬಂದಿದೆ. ನಮ್ಮಲ್ಲಿ ಹಾಗಿಲ್ಲ. ಪೂರಣ್ ಮಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1973ರ ಡಿಸೆಂಬರ್‌ನಲ್ಲಿ ಹೇಳಿದ್ದು ಇಷ್ಟು: ಸಾಕ್ಷ್ಯ ಪ್ರಸ್ತುತವಾಗಿದ್ದರೆ, ಅದು ಅಕ್ರಮ ಶೋಧದಿಂದ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ.

ಹಾಗೆಂದು ಹಕ್ಕುಗಳು ಇಲ್ಲವೆಂದು ಅರ್ಥವಲ್ಲ. ಅವು ಫಲ ಕೊಡುವ ಜಾಗ ಬೇರೆ. ರಸ್ತೆಬದಿಯಲ್ಲಿ ಪಿಎಸ್‌ಐಗೆ ಸೆಕ್ಷನ್ ಪಾಠ ಮಾಡಿ ಗೆದ್ದವರು ಅಪರೂಪ. ಬಂಧನದ ಕಾರಣವನ್ನು ಬರೆದು ಕೊಡಲಿಲ್ಲ, ಪಂಚರು (ಶೋಧಕ್ಕೆ ಸಾಕ್ಷಿಯಾಗಿ ಕರೆಯುವ ಸ್ಥಳೀಯರು) ಸ್ಥಳಕ್ಕೇ ಬಂದಿರಲಿಲ್ಲ, ಗಾಯವನ್ನು ವೈದ್ಯರು ದಾಖಲಿಸಿದ್ದಾರೆ ಎಂಬ ನೆಲೆಯಲ್ಲಿ ಆಮೇಲೆ ಬಿಡುಗಡೆಯಾದವರು, ಪರಿಹಾರ ಪಡೆದವರು ಸಾಕಷ್ಟಿದ್ದಾರೆ. ಆದ್ದರಿಂದ ಇಲ್ಲಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆಯನ್ನು ಹಿಡಿದು ಹೋಗುತ್ತೇನೆ: ಈಗ ಯಾವ ಕಾಗದ ಹುಟ್ಟಬೇಕು, ಅದರಲ್ಲಿ ಏನಿರಬೇಕು, ಅದರ ನಕಲು ಯಾರ ಕೈ ಸೇರಬೇಕು?

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಹಳೆಯ ತೀರ್ಪುಗಳ ತಿರುಳು ಬಹುಮಟ್ಟಿಗೆ ಉಳಿದಿದೆ. ಕೆಳಗೆ ಕೊಟ್ಟಿರುವುದು ಹೊಸ ಸಂಖ್ಯೆಗಳು. ಮುಂದೆ ಬರೀ ‘ಸಂಹಿತೆ’ ಎಂದರೆ ಇದೇ.

ಹಂತ 1: ರಸ್ತೆಯಲ್ಲಿ ಕೈ ಅಡ್ಡ ಹಿಡಿದಾಗ

ಎಡಕ್ಕೆ ಸರಿದು ನಿಲ್ಲಿಸಿ. ಎಂಜಿನ್ ಆರಿಸಿ. ಕೈಗಳು ಕಾಣುವಂತಿರಲಿ. ನಿಲ್ಲಿಸದೆ ಹೊರಟುಹೋಗುವುದನ್ನು ಯಾವ ತೀರ್ಪೂ ಸಮರ್ಥಿಸುವುದಿಲ್ಲ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 130ರ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಚಾಲನಾ ಪರವಾನಗಿ ಕೇಳಬಹುದು, ನೀವು ತೋರಿಸಬೇಕು. ‘ಸಮವಸ್ತ್ರದಲ್ಲಿರುವ’ ಎಂಬ ಮಾತು ಕಾಯ್ದೆಯಲ್ಲೇ ಇದೆ. ಮಫ್ತಿಯಲ್ಲಿರುವವರು ತಡೆದರೆ ಗುರುತಿನ ಚೀಟಿ ತೋರಿಸುವಂತೆ ವಿನಯದಿಂದ ಕೇಳುವುದಕ್ಕೆ ನಿಮಗೆ ಆಧಾರವಿದೆ. ಪರವಾನಗಿ ಕಾಗದದ ರೂಪದಲ್ಲೇ ಇರಬೇಕೆಂದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲಿ ಆದ ತಿದ್ದುಪಡಿಯಿಂದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆಗೂ ಮೂಲ ಪ್ರತಿಯಷ್ಟೇ ಬೆಲೆ. ಆದರೆ ಗ್ಯಾಲರಿಯಲ್ಲಿ ಇಟ್ಟುಕೊಂಡ ಫೋಟೊ ಡಿಜಿಲಾಕರ್ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ರಸ್ತೆಯಲ್ಲಿ ಜಗಳಕ್ಕೆ ನಿಂತವರನ್ನು ಬೆಂಗಳೂರಿನ ಯಾವ ವೃತ್ತದಲ್ಲಾದರೂ ಕಾಣಬಹುದು.

ಇನ್ನು ಕೀಲಿಯ ವಿಷಯ. ವಾಹನದ ಕೀಲಿ ಕಿತ್ತುಕೊಳ್ಳಿ, ಚಲಿಸುತ್ತಿರುವ ಸವಾರನ ತೋಳು ಹಿಡಿದು ಎಳೆಯಿರಿ ಎಂದು ಮೋಟಾರು ವಾಹನ ಕಾಯ್ದೆ ಎಲ್ಲೂ ಹೇಳುವುದಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆ ತಾಯಿಯ ಬೈಕನ್ನು ಸಂಚಾರ ಪೊಲೀಸರು ತಡೆಯಲು ಹೋದಾಗ ಮಗು ಕೆಳಗೆ ಬಿದ್ದು ಸತ್ತಿತು. ಅದಾದ ಮೇಲೆ ರಾಜ್ಯ ಪೊಲೀಸ್ ಮಹಾನಿರ್ದೇಶಕರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ವಾಹನ ತಡೆಯಬಾರದು, ದಿಢೀರನೆ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂಬುದು ಅದರ ಸಾರ. ಹೆಚ್ಚುಕಡಿಮೆ ಇದೇ ಮಾತನ್ನು 2022ರಲ್ಲೂ ಅಂದಿನ ಮಹಾನಿರ್ದೇಶಕರು ಹೇಳಿದ್ದರು. ಒಂದು ಎಚ್ಚರಿಕೆ: ಇದು ಇಲಾಖೆಯ ಒಳಗಿನ ಆದೇಶ. ಸೆಕ್ಷನ್ 130ನ್ನು ಅದು ಅಳಿಸಿಹಾಕುವುದಿಲ್ಲ. ಸುತ್ತೋಲೆ ಮುರಿದ ಸಿಬ್ಬಂದಿಯ ಮೇಲೆ ಎಸ್‌ಪಿಗೆ ದೂರು ಕೊಡಲು ಅದನ್ನು ಬಳಸಬಹುದು, ಪರವಾನಗಿ ತೋರಿಸುವುದಿಲ್ಲ ಎನ್ನಲು ಬಳಸಲಾಗದು.

ದಂಡ ಕಟ್ಟುವುದಾದರೆ ರಸೀದಿ ಪಡೆಯಿರಿ. ಯಂತ್ರದಿಂದ ಬರುವ ಚೀಟಿಯಲ್ಲಿ ವಾಹನದ ಸಂಖ್ಯೆ, ಉಲ್ಲಂಘನೆ, ಸ್ಥಳ, ಸಮಯ ಸರಿಯಾಗಿವೆಯೇ ಎಂದು ಅಲ್ಲೇ ನೋಡಿ. ದಂಡ ಕಟ್ಟುವುದು ಎಂದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರಡಿ ರಾಜಿ ಮಾಡಿಕೊಂಡಂತೆ. ತಪ್ಪು ಮಾಡಿಲ್ಲ ಎಂದು ಖಚಿತವಿದ್ದರೆ ಕೋರ್ಟಿನಲ್ಲಿ ಎದುರಿಸುತ್ತೇನೆ ಎಂದು ಹೇಳಬಹುದು. ಪರವಾನಗಿಯನ್ನೇ ವಶಕ್ಕೆ ತೆಗೆದುಕೊಂಡರೆ ಸೆಕ್ಷನ್ 206ರ ಪ್ರಕಾರ ಸ್ವೀಕೃತಿ ಪತ್ರ ಕೊಡಬೇಕು. ನೋಂದಣಿ ಇಲ್ಲದ, ಪರವಾನಗಿ ಇಲ್ಲದೆ ಓಡಿಸುತ್ತಿದ್ದ ವಾಹನವನ್ನು ಸೆಕ್ಷನ್ 207ರಡಿ ತಡೆದಿಟ್ಟುಕೊಳ್ಳಬಹುದು. ಅದಕ್ಕೂ ಕಾಗದ ಬೇಕು.

ಕುಡಿದು ಚಾಲನೆಯ ವಿಷಯದಲ್ಲಿ ಹಟ ಬೇಡ. ಸೆಕ್ಷನ್ 203ರಡಿ ಉಸಿರಿನ ಪರೀಕ್ಷೆಗೆ ಒಪ್ಪದಿದ್ದರೆ, ಮದ್ಯ ಸೇವನೆಯ ಸಕಾರಣ ಅನುಮಾನವಿದ್ದಲ್ಲಿ, ವಾರಂಟ್ ಇಲ್ಲದೆಯೇ ಬಂಧಿಸಬಹುದು. ನಿರಾಕರಣೆಯೇ ನಿಮ್ಮ ವಿರುದ್ಧದ ಸಂಗತಿಯಾಗಿ ನಿಲ್ಲುತ್ತದೆ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇಲ್ಲಿ ಆರೋಪಿಗೆ ಒಂದು ರಕ್ಷಣೆಯೂ ಇದೆ, ಅದನ್ನು ನೆನಪಿಡಬೇಕು: ಸೆಕ್ಷನ್ 202ರ ಪ್ರಕಾರ ಹೀಗೆ ಬಂಧಿಸಿದವರನ್ನು 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಡಬೇಕು. ತಡೆದ ಸಮಯವನ್ನು ಬರೆದುಕೊಳ್ಳಿ ಎನ್ನುವುದು ಇದಕ್ಕೇ.

ವಿಡಿಯೊ ಮಾಡಬಹುದೇ? ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎಂಬ ಸಾಮಾನ್ಯ ನಿಷೇಧವಿಲ್ಲ. ಠಾಣೆಯೊಳಗಿನ ಚಿತ್ರೀಕರಣಕ್ಕೆ ಅಧಿಕೃತ ರಹಸ್ಯ ಕಾಯ್ದೆ ಹಚ್ಚಿದ್ದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ, ಪೊಲೀಸ್ ಠಾಣೆ ಆ ಕಾಯ್ದೆ ಹೇಳುವ ‘ನಿಷೇಧಿತ ಸ್ಥಳ’ ಅಲ್ಲ ಎಂದಿತು. ಕರ್ನಾಟಕದ ಕೋರ್ಟುಗಳಿಗೆ ಅದು ಕಟ್ಟುಪಾಡಲ್ಲದಿದ್ದರೂ ವಾದಕ್ಕೆ ಬಲ ಕೊಡುತ್ತದೆ. ಆದರೆ ಫೋನನ್ನು ಅಧಿಕಾರಿಯ ಮುಖಕ್ಕೆ ಹಿಡಿದು ಕೂಗಾಡಿದರೆ ಕೆಲಸಕ್ಕೆ ಅಡ್ಡಿಪಡಿಸಿದ ಪ್ರಕರಣ ಬೀಳುತ್ತದೆ. ಸಂಹಿತೆಯ ಸೆಕ್ಷನ್ 172 ಎಂಬ ಹೊಸ ಅವಕಾಶವೂ ಬಂದಿದೆ: ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಸ್ಥಳದಿಂದ ಕರೆದೊಯ್ಯಬಹುದು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬೇಕು. ನಾಲ್ಕು ಹೆಜ್ಜೆ ದೂರ ನಿಂತು, ಮಾತಾಡದೆ ಚಿತ್ರೀಕರಿಸಿ. ಎದೆಯ ಮೇಲಿನ ಹೆಸರಿನ ಪಟ್ಟಿ, ಜೀಪಿನ ನೋಂದಣಿ ಸಂಖ್ಯೆ ಕಂಡರೆ ಸಾಕು.

ಹಂತ 2: ಡಿಕ್ಕಿ, ಚೀಲ, ಜೇಬು

ಹೆಲ್ಮೆಟ್ ಹಾಕಿಲ್ಲ ಎಂಬ ಕಾರಣದಿಂದ ಡಿಕ್ಕಿ ತೆರೆಸುವ ಅಧಿಕಾರ ಹುಟ್ಟುವುದಿಲ್ಲ. ಶೋಧಕ್ಕೆ ಬೇರೆ ಆಧಾರ ಬೇಕು: ನಿರ್ದಿಷ್ಟ ಅಪರಾಧದ ತನಿಖೆ, ಅಬಕಾರಿ ಅಥವಾ ಮಾದಕ ವಸ್ತು ಕಾಯ್ದೆಯಡಿ ನಂಬಲು ಕಾರಣವಿರುವ ಮಾಹಿತಿ, ಚುನಾವಣಾ ಕಾಲದ ತಪಾಸಣೆ, ಹೀಗೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ‘ಸರ್, ಯಾವ ಪ್ರಕರಣದಲ್ಲಿ, ಯಾವ ಕಾಯ್ದೆಯಡಿ ನೋಡುತ್ತಿದ್ದೀರಿ?’ ಉತ್ತರ ಸಿಗದಿದ್ದರೆ ‘ನನ್ನ ಒಪ್ಪಿಗೆ ಇಲ್ಲ, ಆದರೆ ನಾನು ತಡೆಯುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ ಕೈ ಕಟ್ಟಿ ನಿಲ್ಲಿ. ಈ ಒಂದು ವಾಕ್ಯ ವಿಡಿಯೊದಲ್ಲಿದ್ದರೆ, ಸ್ವಇಚ್ಛೆಯಿಂದ ತೋರಿಸಿದರು ಎಂದು ಆಮೇಲೆ ಬರೆಯುವುದು ಕಷ್ಟವಾಗುತ್ತದೆ.

ಮಾದಕ ವಸ್ತು ಪ್ರಕರಣಗಳಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 50 ದೊಡ್ಡ ಕೋಟೆ. ನಿಮ್ಮ ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಿಸುವಂತೆ ಕೇಳುವ ಹಕ್ಕು ನಿಮಗಿದೆ ಎಂದು ಅಧಿಕಾರಿ ತಿಳಿಸಲೇಬೇಕು. ಬಲದೇವ್ ಸಿಂಗ್ (1999) ಪ್ರಕರಣದಲ್ಲಿ ಸಂವಿಧಾನ ಪೀಠ ಇದನ್ನು ಹೇಳಿತು. ವಿಜಯಸಿಂಹ ಜಡೇಜಾ (2010) ಪ್ರಕರಣದಲ್ಲಿ ಇನ್ನೊಂದು ಸಂವಿಧಾನ ಪೀಠ, ಸರಿಸುಮಾರು ಪಾಲಿಸಿದರೆ ಸಾಲದು, ಅಕ್ಷರಶಃ ಪಾಲಿಸಬೇಕು ಎಂದು ಬಿಗಿಗೊಳಿಸಿತು. ಪೂರಣ್ ಮಲ್ ನಿಯಮದ ಬಿಸಿ ತಟ್ಟದ ಅಪರೂಪದ ಜಾಗ ಇದು: ಹಕ್ಕು ತಿಳಿಸದೆ ಮೈಮೇಲಿಂದ ತೆಗೆದ ಮಾಲಿನ ಆಧಾರದಲ್ಲಿ ಶಿಕ್ಷೆ ನಿಲ್ಲುವುದಿಲ್ಲ. ಆದರೆ ಕೋಟೆಗೆ ಒಂದು ಕಂಡಿ ಇದೆ. ಪವನ್ ಕುಮಾರ್ (2005) ತೀರ್ಪಿನ ಪ್ರಕಾರ ‘ಮೈ’ ಎಂದರೆ ದೇಹ ಮತ್ತು ಉಟ್ಟ ಬಟ್ಟೆ. ಕೈಯಲ್ಲಿ ಹಿಡಿದ ಚೀಲಕ್ಕೆ ಸೆಕ್ಷನ್ 50ರ ರಕ್ಷಣೆ ಇಲ್ಲ.

ಮಹಿಳೆಯರ ಮೈ ಶೋಧವನ್ನು ಮಹಿಳೆಯರೇ ಮಾಡಬೇಕು. ಇದಕ್ಕೆ ವಿನಾಯಿತಿ ಇಲ್ಲ, ಚರ್ಚೆಯೂ ಬೇಡ.

ಹಂತ 3: ‘ಫೋನ್ ಲಾಕ್ ತೆಗೆಯಿರಿ’

2021ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ಪೊಲೀಸರು ದಾರಿಹೋಕರ ಫೋನ್ ತೆರೆಸಿ, ವಾಟ್ಸ್‌ಆ್ಯಪ್‌ನಲ್ಲಿ ಗಾಂಜಾ ಎಂಬ ಪದ ಹುಡುಕುತ್ತಿದ್ದ ವಿಡಿಯೊ ಹರಿದಾಡಿತ್ತು. ಅದಕ್ಕೆ ಏಳು ತಿಂಗಳ ಮೊದಲೇ, 2021ರ ಮಾರ್ಚ್ 12ರಂದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನ್ ಶೋಧಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿದ್ದರು. ನಮ್ಮ ರಾಜ್ಯದವರಿಗೆ ಇದು ಮುಖ್ಯವಾದ ತೀರ್ಪು. ಆದರೆ ಇದನ್ನು ಅರ್ಧ ಓದಿ ಉಲ್ಲೇಖಿಸುವವರೇ ಹೆಚ್ಚು.

ನಾಗರಿಕರ ಪರವಾದ ಅರ್ಧ ಹೀಗಿದೆ: ಫೋನ್, ಲ್ಯಾಪ್‌ಟಾಪ್, ಇಮೇಲ್ ಶೋಧಕ್ಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು. ತುರ್ತು ಸಂದರ್ಭದಲ್ಲಿ ವಾರಂಟ್ ಇಲ್ಲದೆ ನೋಡಬೇಕಾದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸಿಕ್ಕ ಖಾಸಗಿ ಮಾಹಿತಿಯನ್ನು ಹೊರಗಿನವರಿಗೆ ಕೊಡುವಂತಿಲ್ಲ. ಸಾಧನವನ್ನು, ಸಿಗ್ನಲ್ ಒಳಬರದಂತೆ ತಡೆಯುವ ಫ್ಯಾರಡೆ ಚೀಲದಂಥ ರಕ್ಷಣೆಯಲ್ಲಿ ಇಡುವಂಥ ತಾಂತ್ರಿಕ ಎಚ್ಚರಿಕೆಗಳನ್ನೂ ತೀರ್ಪು ಹೇಳುತ್ತದೆ. ಇನ್ನೊಂದು ಅರ್ಧ ಕಹಿಯಾದದ್ದು: ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಡುವಂತೆ ಆದೇಶಿಸಿದರೆ ಅದು ಸಂವಿಧಾನದ 20(3)ನೇ ವಿಧಿ ನಿಷೇಧಿಸುವ ಸ್ವಯಂ ದೋಷಾರೋಪಣೆ ಆಗುವುದಿಲ್ಲ ಎಂದೂ ಹೈಕೋರ್ಟ್ ಹೇಳಿತು. ದೆಹಲಿಯ ಒಂದು ವಿಶೇಷ ನ್ಯಾಯಾಲಯ 2022ರಲ್ಲಿ ಇದನ್ನು ಒಪ್ಪಲಿಲ್ಲ. ಪಾಸ್‌ವರ್ಡ್ ಎಂದರೆ ತಲೆಯೊಳಗಿನ ಮಾಹಿತಿ, ಅದನ್ನು ಬಲವಂತದಿಂದ ಪಡೆಯಲಾಗದು ಎಂದಿತು. ನನಗೆ ದೆಹಲಿಯ ತರ್ಕವೇ ಸರಿ ಎನಿಸುತ್ತದೆ, ಆದರೆ ಕರ್ನಾಟಕದ ಕೆಳ ನ್ಯಾಯಾಲಯಗಳಿಗೆ ಹೈಕೋರ್ಟಿನ ಮಾತೇ ಅಂತಿಮ.

ಹಾಗಾದರೆ ಮಾಡಬೇಕಾದದ್ದು: ರಸ್ತೆಯಲ್ಲಿ ಯಾರೋ ಕೇಳಿದರೆಂದು ಫೋನ್ ತೆರೆಯಬೇಕಿಲ್ಲ. ಅಪರಾಧ ಸಂಖ್ಯೆ ಮತ್ತು ವಾರಂಟ್ ಕೇಳಿ. ನಿಜವಾದ ತನಿಖೆಯಾದರೆ ಲಿಖಿತ ನೋಟಿಸ್ ಬರುತ್ತದೆ. ಬಂದಾಗ ವಕೀಲರ ಮೂಲಕ ಉತ್ತರಿಸಿ. ಫೋನ್ ಜಪ್ತಿ ಮಾಡಿದರೆ ಮಾದರಿ, ಬಣ್ಣ, ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಸಿಮ್, ವಶಪಡಿಸಿಕೊಂಡ ಸಮಯ ಎಲ್ಲವೂ ಜಪ್ತಿ ಪಟ್ಟಿಯಲ್ಲಿ ಬರಲಿ. ಐಎಂಇಐ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಇಂದೇ ಬರೆದಿಟ್ಟರೆ ಉಪಯೋಗ. ಸುಳ್ಳು ಪತ್ತೆ ಪರೀಕ್ಷೆ, ಮಂಪರು ಪರೀಕ್ಷೆಯ ಮಾತು ಬಂದರೆ ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ (2010) ತೀರ್ಪು ಇದೆ: ಒಪ್ಪಿಗೆ ಇಲ್ಲದೆ ಅವನ್ನು ಮಾಡುವಂತಿಲ್ಲ. ಖನ್ನಾ ಪ್ರಕರಣದಲ್ಲೂ ವಿಚಾರಣಾ ನ್ಯಾಯಾಲಯದ ಸುಳ್ಳು ಪತ್ತೆ ಆದೇಶವನ್ನು ಹೈಕೋರ್ಟ್ ರದ್ದು ಮಾಡಿತ್ತು.

ಹಂತ 4: ಮನೆ ಬಾಗಿಲಿಗೆ ಬಂದಾಗ

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನಿನ ಬೆಂಬಲ, ನ್ಯಾಯಯುತ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪ ಬೇಕು. ಪೊಲೀಸರು ಮನೆ ಹೊಕ್ಕಾಗ ಈ ತತ್ವ ಯಾವ ರೂಪ ಪಡೆಯಬೇಕು ಎಂಬುದು ಸಂಹಿತೆಯ ಸೆಕ್ಷನ್ 96, 103, 105, 185ರಲ್ಲಿದೆ.

ವಾರಂಟ್ ತಂದಿದ್ದರೆ ಓದಿ ನೋಡಿ: ಯಾವ ವಿಳಾಸ, ಯಾವ ವಸ್ತು, ಯಾರ ಸಹಿ. ವಾರಂಟ್ ಇದ್ದಾಗ ಬಾಗಿಲು ತೆರೆಯುವುದು ನಿಮ್ಮ ಕರ್ತವ್ಯ. ತೆರೆಯದಿದ್ದರೆ ಒಡೆದು ಬರುವ ಅಧಿಕಾರವಿದೆ. ವಾರಂಟ್ ಇಲ್ಲದಿದ್ದರೆ ಅವರು ನೆಚ್ಚಿಕೊಳ್ಳುವುದು ಸೆಕ್ಷನ್ 185ನ್ನು. ಅದರಡಿ, ತಡಮಾಡಿದರೆ ವಸ್ತು ಸಿಗುವುದಿಲ್ಲ ಎಂದು ನಂಬಲು ಇರುವ ಕಾರಣವನ್ನು ಅಧಿಕಾರಿ ಮೊದಲೇ ಬರೆದಿರಬೇಕು, ಶೋಧವನ್ನು ವಿಡಿಯೊ ಮಾಡಬೇಕು, ಆ ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಮನೆಯವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದರ ನಕಲನ್ನು ಉಚಿತವಾಗಿ ಕೊಡಬೇಕು. ಈ ಕೊನೆಯ ಸಾಲನ್ನು ಬಳಸುವವರು ತೀರಾ ಕಡಿಮೆ. ಶೋಧ ನಡೆದ ಮೂರನೆಯ ದಿನ ವಕೀಲರ ಕೈಯಲ್ಲಿ ಆ ಅರ್ಜಿ ಹಾಕಿಸಿ. ‘ಮೊದಲೇ ಬರೆದಿದ್ದ ಕಾರಣ’ ನಿಜಕ್ಕೂ ಮೊದಲೇ ಬರೆದದ್ದೋ ಎಂಬುದು ಅಲ್ಲಿ ಬಯಲಾಗುತ್ತದೆ.

ಈಗ ಮಹಜರು, ಅಂದರೆ ಶೋಧ ಮತ್ತು ಜಪ್ತಿಯ ವಿವರವನ್ನು ಪಂಚರ ಎದುರು ಬರೆಯುವ ದಾಖಲೆ. ಕರ್ನಾಟಕದ ಕ್ರಿಮಿನಲ್ ಪ್ರಕರಣಗಳಲ್ಲಿ ಮಹಜರಿನಷ್ಟು ಪ್ರಶ್ನೆಗೆ ಗುರಿಯಾಗುವ ಕಾಗದ ಇನ್ನೊಂದಿಲ್ಲ. ಮೇಲ್ಭಾಗದಲ್ಲಿ ಪಂಚರ ಹೆಸರು, ವಯಸ್ಸು, ವೃತ್ತಿ, ವಿಳಾಸ. ನಂತರ ಸ್ಥಳದ ಚೆಕ್ಕುಬಂದಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ. ಆಮೇಲೆ ಏನು ಎಲ್ಲಿ ಸಿಕ್ಕಿತು, ಹೇಗೆ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಲಾಯಿತು, ಮುದ್ರೆಯ ಅಕ್ಷರ ಯಾವುದು. ಕೊನೆಯಲ್ಲಿ ‘ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸ್ಥಳದಲ್ಲೇ ಬರೆದು ಮುಗಿಸಲಾಯಿತು’ ಎಂಬ ಸಾಲು ಮತ್ತು ಸಹಿಗಳು. ಈ ಕೊನೆಯ ಸಾಲಿನಲ್ಲೇ ಅನೇಕ ಪ್ರಕರಣಗಳು ಎಡವುತ್ತವೆ. ಮಹಜರನ್ನು ಠಾಣೆಯಲ್ಲೇ ಕುಳಿತು ಬರೆದಿರುತ್ತಾರೆ. ಪಂಚರು ಬಹುದೂರದ ಬಡಾವಣೆಯವರು ಅಥವಾ ಅದೇ ಠಾಣೆಯ ಹತ್ತು ಪ್ರಕರಣಗಳಿಗೆ ಸಹಿ ಹಾಕಿದವರು. ಕೋರ್ಟಿನಲ್ಲಿ ಪಾಟೀ ಸವಾಲಿಗೆ ನಿಂತಾಗ ಪೂರ್ವಕ್ಕೆ ಏನಿದೆ ಎಂದು ಕೇಳಿದರೆ ಅವರಿಗೆ ಮನೆಯ ದಿಕ್ಕೇ ಗೊತ್ತಿರುವುದಿಲ್ಲ.

ಸೆಕ್ಷನ್ 103 ಕೇಳುವುದು ಆ ಪ್ರದೇಶದ, ಪ್ರಕರಣಕ್ಕೆ ಸಂಬಂಧವಿಲ್ಲದ, ಕನಿಷ್ಠ ಇಬ್ಬರು ಗೌರವಸ್ಥರನ್ನು. ಪಕ್ಕದ ಮನೆಯವರನ್ನು ಕರೆಯಲು ನೀವೇ ಸೂಚಿಸಿ. ಶೋಧದ ಉದ್ದಕ್ಕೂ ಹಾಜರಿರುವ ಹಕ್ಕು ಮನೆಯವರಿಗಿದೆ. ಒಂದೇ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಉಳಿದ ಕೋಣೆಗಳನ್ನು ತಡಕಾಡಿದರೆ ಆಕ್ಷೇಪವನ್ನು ಬರಹದಲ್ಲಿ ಕೊಡಿ. ಜಪ್ತಿ ಪಟ್ಟಿಯ ನಕಲು ಮನೆಯವರಿಗೆ ಸಿಗಲೇಬೇಕು. ಸೆಕ್ಷನ್ 105ರ ಪ್ರಕಾರ ಪಟ್ಟಿ ತಯಾರಿಸಿ ಸಹಿ ಹಾಕುವುದೂ ಸೇರಿ ಇಡೀ ಪ್ರಕ್ರಿಯೆ ಆಡಿಯೊ-ವಿಡಿಯೊದಲ್ಲಿ ದಾಖಲಾಗಬೇಕು. ಕ್ಯಾಮೆರಾ ಕಾಣದಿದ್ದರೆ ‘ರೆಕಾರ್ಡಿಂಗ್ ಆಗುತ್ತಿದೆಯೇ ಸರ್’ ಎಂದು ಕೇಳಿ.

ಸಹಿ ಹಾಕುವ ಮುನ್ನ ಓದಿ. ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಯಿರಿ. ಒಪ್ಪದ ಮಾತಿದ್ದರೆ ಸಹಿಯ ಪಕ್ಕದಲ್ಲೇ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ನಿಮ್ಮ ಕೈಬರಹದಲ್ಲಿ ಬರೆದು, ಗಂಟೆ ನಮೂದಿಸಿ. ಖಾಲಿ ಹಾಳೆಗೆ, ಯಾರು ಏನೇ ಹೇಳಲಿ, ಸಹಿ ಬೇಡ.

ಹಂತ 5: ‘ಸ್ವಲ್ಪ ಠಾಣೆಗೆ ಬಂದು ಹೋಗಿ’

ಈ ಸಿಹಿ ಮಾತಿನಿಂದಲೇ ಹೆಚ್ಚಿನ ತೊಂದರೆಗಳು ಶುರುವಾಗುತ್ತವೆ. ಸಾಕ್ಷಿಯಾಗಿ ಕರೆಯಲು ಸೆಕ್ಷನ್ 179ರ ಲಿಖಿತ ಆದೇಶ ಬೇಕು. ಮಹಿಳೆಯರು, 15ಕ್ಕಿಂತ ಕಡಿಮೆ ವಯಸ್ಸಿನ ಹುಡುಗರು, 60 ದಾಟಿದವರು ಠಾಣೆಗೆ ಹೋಗಬೇಕಿಲ್ಲ, ಅವರಿರುವಲ್ಲಿಗೇ ಪೊಲೀಸರು ಬರಬೇಕು. ಆರೋಪಿಯಾಗಿ ಕರೆಯಲು ಸೆಕ್ಷನ್ 35(3)ರ ನೋಟಿಸ್. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು ಎಂದು ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್‌ನಲ್ಲಿ ಅಪರಾಧ ಸಂಖ್ಯೆ, ಆರೋಪಿಸಿದ ಅಪರಾಧ ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಾಗಿರಬೇಕು ಎಂದು ಕರ್ನಾಟಕ ಹೈಕೋರ್ಟ್ 2024ರ ಜುಲೈನಲ್ಲಿ ನಿರ್ದೇಶಿಸಿದೆ.

ಸರಿಯಾದ ನೋಟಿಸ್ ಬಂದರೆ ತಪ್ಪದೆ ಹೋಗಿ. ಹೋದವರನ್ನು ಬಂಧಿಸಬೇಕಾದರೆ ಅಧಿಕಾರಿ ಕಾರಣ ಬರೆಯಬೇಕಾಗುತ್ತದೆ, ತಪ್ಪಿಸಿಕೊಂಡವರನ್ನು ಬಂಧಿಸಲು ತಪ್ಪಿಸಿಕೊಂಡದ್ದೇ ಕಾರಣವಾಗುತ್ತದೆ. 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂಬ ಅರ್ನೇಶ್ ಕುಮಾರ್ (2014) ತೀರ್ಪಿನ ನಿಜವಾದ ಲಾಭ ಇಲ್ಲಿದೆ.

ಹಂತ 6: ಬಂಧನದ ಮೊದಲ 24 ಗಂಟೆ

1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದ ಡಿ.ಕೆ. ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ 11 ಸೂಚನೆಗಳನ್ನು ಕೊಟ್ಟಿತು. ಇಂದು ಅವುಗಳಲ್ಲಿ ಬಹುಪಾಲು ಸಂಹಿತೆಯೊಳಗೇ ಸೇರಿವೆ. ಬಂಧಿಸುವ ಅಧಿಕಾರಿಯ ಹೆಸರಿನ ಪಟ್ಟಿ ಕಾಣಬೇಕು. ಬಂಧನ ಪತ್ರಕ್ಕೆ ಕುಟುಂಬದವರು ಅಥವಾ ಆ ಪ್ರದೇಶದ ಗೌರವಸ್ಥರು ಸಾಕ್ಷಿ ಸಹಿ ಹಾಕಬೇಕು, ದಿನಾಂಕ ಮತ್ತು ಗಂಟೆ ಇರಬೇಕು. ಬಂಧುಗಳಿಗೆ ತಿಳಿಸಬೇಕು. ಮೈಮೇಲಿನ ಗಾಯಗಳನ್ನು ಆಗಲೇ ದಾಖಲಿಸಬೇಕು.

ಇವುಗಳ ಮೇಲೆ ಈಚಿನ ವರ್ಷಗಳಲ್ಲಿ ಇನ್ನೊಂದು ಪದರ ಬಂದಿದೆ. ಬಂಧನದ ಕಾರಣ ತಿಳಿಸದಿದ್ದರೆ ಬಂಧನವೇ ಅಸಿಂಧು ಎಂದು ವಿಹಾನ್ ಕುಮಾರ್ ಪ್ರಕರಣ (ಫೆಬ್ರುವರಿ 2025) ಹೇಳಿತು. ಆ ಅರ್ಜಿದಾರನನ್ನು ಆಸ್ಪತ್ರೆಯ ಹಾಸಿಗೆಗೆ ಕೋಳ ಹಾಕಿ ಕಟ್ಟಿದ್ದರು. ಅದೇ ವರ್ಷ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಇನ್ನೂ ಮುಂದೆ ಹೋಗಿ, ಯಾವ ಅಪರಾಧವೇ ಆಗಲಿ, ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿತು. ತಕ್ಷಣ ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡ್‌ಗೆ (ಕಸ್ಟಡಿಗೆ ಒಪ್ಪಿಸುವ ಆದೇಶಕ್ಕಾಗಿ ಮ್ಯಾಜಿಸ್ಟ್ರೇಟರ ಎದುರು) ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಲಿಖಿತವಾಗಿ ಕೊಡಬೇಕು. ಕನ್ನಡವಷ್ಟೇ ಬಲ್ಲವರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ, ಉತ್ತರ ಭಾರತದ ಕಾರ್ಮಿಕನಿಗೆ ಕನ್ನಡ ಹಾಳೆ ಕೊಟ್ಟರೆ ಈ ತೀರ್ಪಿನ ಪ್ರಕಾರ ಅದು ಲೆಕ್ಕಕ್ಕಿಲ್ಲ.

ಮನೆಯವರು ಮಾಡಬೇಕಾದದ್ದು ಹೆಚ್ಚಿದೆ. ಕರೆದೊಯ್ದ ಗಂಟೆಯನ್ನು ಯಾರಿಗಾದರೂ ಸಂದೇಶ ಕಳುಹಿಸಿ ದಾಖಲು ಮಾಡಿ. ಸಂದೇಶದ ಸಮಯವೇ ಸಾಕ್ಷಿ. ಠಾಣೆಗೆ ಒಬ್ಬರೇ ಹೋಗಬೇಡಿ. ಎಫ್‌ಐಆರ್ ಪ್ರತಿಯನ್ನು ರಾಜ್ಯ ಪೊಲೀಸ್ ಜಾಲತಾಣದಲ್ಲಿ ಹುಡುಕಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಹಾಕಬೇಕು ಎಂಬುದು 2016ರ ಸುಪ್ರೀಂ ಕೋರ್ಟ್ ಆದೇಶ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಸೆಕ್ಷನ್ 38ರಲ್ಲಿದೆ, ಆದರೆ ಪೂರ್ತಿ ವಿಚಾರಣೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುವ ಹಕ್ಕಲ್ಲ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಸುಮ್ಮನಿರುವ ಹಕ್ಕನ್ನು ನಂದಿನಿ ಸತ್ಪತಿ (1978) ತೀರ್ಪು ಎತ್ತಿಹಿಡಿದಿದೆ. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೊಂದಿಗೆ, ಬಂಧಿಸಬಹುದು.

ಹಂತ 7: ಬಲಪ್ರಯೋಗ

ಪೊಲೀಸರು ಬಲ ಬಳಸಬಹುದು. ಅದಕ್ಕೆ ಅಳತೆಗೋಲು ಸೆಕ್ಷನ್ 43 ಮತ್ತು 46ರಲ್ಲಿದೆ: ಬಂಧನವನ್ನು ವಿರೋಧಿಸಿದರೆ ಅಗತ್ಯವಾದ ಕ್ರಮ, ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟು ನಿರ್ಬಂಧ, ಅದಕ್ಕಿಂತ ಹೆಚ್ಚಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವರನ್ನು ಬಂಧಿಸುವಾಗ ಸಾಯಿಸುವ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ. ಜೀಪಿನಲ್ಲಿ ಕುಳಿತಾಗಿರುವವನಿಗೆ ಬೀಳುವ ಏಟಿಗೆ, ಠಾಣೆಯಲ್ಲಿ ‘ಬಾಯಿ ಬಿಡಿಸಲು’ ಬೀಳುವ ಲಾಠಿಗೆ ಯಾವ ಸೆಕ್ಷನ್ನಿನ ಆಸರೆಯೂ ಇಲ್ಲ. ತಪ್ಪೊಪ್ಪಿಗೆಗಾಗಿ ಹಿಂಸಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 120ರಡಿ ಅಪರಾಧ.

ಕೋಳದ ವಿಷಯದಲ್ಲಿ ಪ್ರೇಮ್ ಶಂಕರ್ ಶುಕ್ಲಾ (1980) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇರೆ ದಾರಿಯೇ ಇಲ್ಲದಾಗ ಮಾತ್ರ ಮತ್ತು ಕಾರಣ ಬರೆದು ಕೋಳ ಹಾಕಬೇಕೆಂದಿತು. ಹೊಸ ಸಂಹಿತೆಯ 43(3) ಭಯೋತ್ಪಾದನೆ, ಕೊಲೆ, ಅತ್ಯಾಚಾರದಂಥ ಪಟ್ಟಿ ಮಾಡಿದ ಅಪರಾಧಗಳಿಗೆ, ಪದೇ ಪದೇ ಅಪರಾಧ ಎಸಗುವವರಿಗೆ ಕೋಳ ಹಾಕಲು ಅವಕಾಶ ಕೊಟ್ಟಿದೆ. ಉಳಿದವರಿಗೆ ಹಳೆಯ ನಿಯಮವೇ. ಬೆಳಗಾವಿ ಜಿಲ್ಲೆಯಲ್ಲಿ ಚೆಕ್ ಅಮಾನ್ಯ ಪ್ರಕರಣಗಳ ವಾರಂಟಿನ ಮೇಲೆ ಬಂಧಿಸಿದ್ದ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿ ಸಾರ್ವಜನಿಕವಾಗಿ ಕರೆದೊಯ್ದದ್ದಕ್ಕೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧನಕ್ಕೆ ಹೋಗುವ ಪೊಲೀಸರಿಗೆ ದೇಹಕ್ಕೆ ಧರಿಸುವ ಕ್ಯಾಮೆರಾ ಒದಗಿಸಬೇಕೆಂದೂ ಹೇಳಿತು.

‘ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನ, ಆರೋಪಿಯ ಕಾಲಿಗೆ ಗುಂಡು’ ಎಂಬ ಶೀರ್ಷಿಕೆ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸವೆದಿದೆಯೆಂದರೆ ಓದುಗರು ಪುಟ ತಿರುಗಿಸಿ ಮುಂದೆ ಹೋಗುತ್ತಾರೆ. 2014ರ ಸೆಪ್ಟೆಂಬರ್ 23ರ ಪಿಯುಸಿಎಲ್ ವರ್ಸಸ್ ಮಹಾರಾಷ್ಟ್ರ ತೀರ್ಪು ಎನ್‌ಕೌಂಟರ್ ಸಾವುಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತೀವ್ರ ಗಾಯದ ಪ್ರಕರಣಗಳಿಗೂ ಅದನ್ನು ಪಾಲಿಸಬೇಕೆಂದು ತೀರ್ಪಿನಲ್ಲೇ ಇದೆ. ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಗಾಯಾಳುವಿನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಅಥವಾ ವೈದ್ಯಾಧಿಕಾರಿ ಪಡೆಯಬೇಕು, ಘಟನೆಯ ಬೆನ್ನಿಗೇ ಅಧಿಕಾರಿಗಳಿಗೆ ಬಡ್ತಿ, ಶೌರ್ಯ ಪದಕ ಕೊಡಬಾರದು.

ಏಟು ಬಿದ್ದಿದ್ದರೆ ಎರಡು ಕಡೆ ಬಾಯಿ ಬಿಡಬೇಕು. ಮೊದಲನೆಯದು ವೈದ್ಯರ ಎದುರು. ಪಕ್ಕದಲ್ಲಿ ಪೇದೆ ನಿಂತಿದ್ದಾರೆಂದು ‘ಜಾರಿ ಬಿದ್ದೆ’ ಎಂದರೆ ಗಾಯದ ಪ್ರಮಾಣಪತ್ರದಲ್ಲಿ ಅದೇ ಬರುತ್ತದೆ, ಆಮೇಲೆ ಅಳಿಸಲಾಗದು. ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು ಎಂದು ಹೇಳಿ. ಎರಡನೆಯದು ಮ್ಯಾಜಿಸ್ಟ್ರೇಟರ ಎದುರು. ಕಸ್ಟಡಿಯಲ್ಲಿ ಹಿಂಸೆ ಆಯಿತೇ ಎಂದು ಮ್ಯಾಜಿಸ್ಟ್ರೇಟರು ಕೇಳಬೇಕೆಂದು ಶೀಲಾ ಬರ್ಸೆ (1983) ಪ್ರಕರಣದಲ್ಲಿ ಹೇಳಲಾಗಿದೆ. ಕೇಳದಿದ್ದರೆ ನೀವೇ ‘ಸ್ವಾಮಿ, ನನಗೆ ಹೊಡೆದಿದ್ದಾರೆ’ ಎಂದು ಗಟ್ಟಿಯಾಗಿ ಹೇಳಿ, ಅಂಗಿ ಎತ್ತಿ ತೋರಿಸಿ, ಅದನ್ನು ಆದೇಶ ಹಾಳೆಯಲ್ಲಿ ಬರೆಯುವಂತೆ ವಕೀಲರ ಮೂಲಕ ಕೋರಿ.

ಹಂತ 8: ದೂರು, ಪರಿಹಾರ

ಮೊದಲ ಕೆಲಸ ಸಿಸಿಟಿವಿ ದೃಶ್ಯ ಉಳಿಸಿಕೊಳ್ಳುವುದು. ಪರಮವೀರ್ ಸಿಂಗ್ ಸೈನಿ (ಡಿಸೆಂಬರ್ 2020) ತೀರ್ಪಿನಂತೆ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಮೊಗಸಾಲೆಗಳಲ್ಲಿ ಧ್ವನಿ ಸಮೇತ ಕ್ಯಾಮೆರಾ ಇರಬೇಕು. ದೃಶ್ಯಗಳನ್ನು 18 ತಿಂಗಳು, ಅಂಥ ವ್ಯವಸ್ಥೆ ಸಿಗದಿದ್ದರೆ ಕನಿಷ್ಠ 1 ವರ್ಷ ಉಳಿಸಬೇಕು. ಕ್ಯಾಮೆರಾ ಇದೆ, ಹಕ್ಕು ಉಲ್ಲಂಘನೆಯಾದರೆ ದೂರು ಕೊಡಬಹುದು ಎಂಬ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಹಾಕಬೇಕು. ಬಿಡುಗಡೆಯಾದ ದಿನವೇ ಎಸ್‌ಪಿ ಅಥವಾ ಆಯುಕ್ತರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಿರಿ: ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯವನ್ನು ಅಳಿಸದೆ ಕಾಯ್ದಿಡಿ. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ ಅದನ್ನೂ ಜೋಪಾನವಾಗಿಡಿ.

ಠಾಣೆಯಲ್ಲಿ ದೂರು ಕೊಟ್ಟರೆ ಹಿಂಬರಹ (ದೂರು ಸ್ವೀಕರಿಸಿದ್ದಕ್ಕೆ ಲಿಖಿತ ಚೀಟಿ) ಪಡೆಯಿರಿ. ಎಫ್‌ಐಆರ್ ದಾಖಲಿಸದಿದ್ದರೆ ಸೆಕ್ಷನ್ 173(4)ರಡಿ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಆರೋಪಿ ಸರ್ಕಾರಿ ನೌಕರನಾದ್ದರಿಂದ, ಕರ್ತವ್ಯದ ನಡುವೆ ನಡೆದ ಕೃತ್ಯವಾದರೆ, ಸೆಕ್ಷನ್ 175(4)ರಂತೆ ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿ ತರಿಸಿ, ಆತನ ವಿವರಣೆಯನ್ನೂ ನೋಡಬೇಕಾಗುತ್ತದೆ. ಕರ್ನಾಟಕದಲ್ಲಿ ಇನ್ನೊಂದು ಅಡ್ಡಗೋಡೆ ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170. ನಮ್ಮ ರಾಜ್ಯದಿಂದಲೇ ಹೋದ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕರ್ತವ್ಯಕ್ಕೆ ಸಂಬಂಧವಿರುವ ಕೃತ್ಯದಲ್ಲಿ ಮಿತಿ ಮೀರಿದ್ದರೂ ಸರ್ಕಾರದ ಪೂರ್ವಾನುಮತಿ ಬೇಕು ಎಂದಿತು. ಪೊಲೀಸರ ವಿರುದ್ಧದ ಖಾಸಗಿ ದೂರುಗಳಲ್ಲಿ ಅನೇಕವು ಮುಗ್ಗರಿಸುವುದು ಇಲ್ಲಿ. ಆದ್ದರಿಂದ ದೂರು ಬರೆಯುವಾಗ ಆ ಕೃತ್ಯಕ್ಕೂ ಕರ್ತವ್ಯಕ್ಕೂ ಸಂಬಂಧವೇ ಇರಲಿಲ್ಲ ಎಂಬುದನ್ನು ಸಂಗತಿಗಳ ಮೂಲಕ ತೋರಿಸಬೇಕು. ಜೊತೆಗೇ ಮಂಜೂರಾತಿಗೂ ಅರ್ಜಿ ಹಾಕಬೇಕು. ಸಂಹಿತೆಯ ಸೆಕ್ಷನ್ 218ರ ಪ್ರಕಾರ 120 ದಿನದಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಆ ಸೆಕ್ಷನ್ನಿನ ಮಟ್ಟಿಗೆ ಮಂಜೂರಾತಿ ಸಿಕ್ಕಂತೆಯೇ.

ಶಿಕ್ಷೆಯ ದಾರಿ ಉದ್ದ. ಪರಿಹಾರದ ದಾರಿ ಅದಕ್ಕಿಂತ ಹತ್ತಿರ. ರುದುಲ್ ಸಾಹ್ (1983), ನೀಲಾಬತಿ ಬೆಹೆರಾ (1993) ತೀರ್ಪುಗಳಿಂದ ಬೆಳೆದು ಬಂದ ನಿಯಮದಂತೆ, ಹಕ್ಕು ಉಲ್ಲಂಘನೆ ಸ್ಪಷ್ಟವಾಗಿದ್ದರೆ ಹೈಕೋರ್ಟ್ 226ನೇ ವಿಧಿಯಡಿ ಸರ್ಕಾರದಿಂದಲೇ ಹಣ ಕೊಡಿಸಬಹುದು, ಅದಕ್ಕೆ ಪೊಲೀಸರ ಮೇಲಿನ ಕ್ರಿಮಿನಲ್ ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ಬಂಧಿತರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬಂಧುಗಳು, ಗೆಳೆಯರು ಯಾರು ಬೇಕಾದರೂ ಹಾಕಬಹುದು. ಪ್ರಕಾಶ್ ಸಿಂಗ್ (2006) ತೀರ್ಪಿನಿಂದ ಹುಟ್ಟಿದ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದು ಕೊಟ್ಟರೂ ಸಾಕು. ಆಯೋಗಕ್ಕೆ ಹೋಗುವವರು ಗಡುವನ್ನು ಮರೆಯಬಾರದು: ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ ಸೆಕ್ಷನ್ 36(2)ರ ಪ್ರಕಾರ, ಘಟನೆ ನಡೆದು 1 ವರ್ಷ ದಾಟಿದ ದೂರುಗಳನ್ನು ಅದು ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ.